ಮರುಪರೀಕ್ಷೆಯ ಮೂರು ತಾಸು

ಎದೆದರ್ಪಣವನ್ನು ದ್ಯಾಮವ್ವನ ಎದೆಯ ಮುಂದೆ ಹಿಡಿದು ಡಾಕ್ಟರ್ ಪ್ರಹ್ಲಾದ ಕಟಗೇರಿ, ಒಮ್ಮೆ ಉಸಿರೆಳೆದು ಬಿಡಲು ಹೇಳಿದ. ಆಕೆ ಉಸಿರು ಬಿಡುವಷ್ಟರಲ್ಲಿ ಗಾಜಿನ ಫಲಕದ ಮೇಲೆ ಹೃದಯ ಹಸಿರಾಗಿ ಮೂಡಿತು. ಕೆಂಪು ಎಂಬುದು ಹುಡುಕಿದರೂ ಇಲ್ಲ.

“ಎದಿಗೆ ಏನೂ ಆಗಿಲ್ಲವಾ. ಬರೇ ವಾಯು ಅದ. ಮನಿಗೆ ಹೋಗ್ರಿ.”

“ಅಯ್ಯ ನಮ್ಮಪ್ಪಾ, ಇಷ್ಟು ಲಗೂನ?” ದ್ಯಾಮವ್ವನ ಮುಖ ಸಪ್ಪಗಾಯಿತು. ಕಾಯಿಲೆ ಇಲ್ಲವೆಂದರೆ ಯಾರಾದರೂ ಹೀಗೆ ಬೇಸರಪಡುತ್ತಾರೆಯೇ? ಪ್ರಹ್ಲಾದನಿಗೆ ಅರ್ಥವಾಗಲಿಲ್ಲ.

ಈ ದರ್ಪಣ ಬರುವ ಮೊದಲು ಎದೆನೋವೆಂದು ಬಂದವರನ್ನು ಅಷ್ಟು ಸುಲಭಕ್ಕೆ ಮನೆಗೆ ಕಳಿಸುವ ಹಾಗಿರಲಿಲ್ಲ. ರಕ್ತ ಸಿಗದೆ ಒದ್ದಾಡುವ ಹೃದಯದ ಸ್ನಾಯುವಿನಿಂದ ಒಂದು ಸಾರ ರಕ್ತಕ್ಕೆ ಸೋರುತ್ತದೆ. ಅದಕ್ಕೆ ಹೃದಯಸಾರ ಎನ್ನುತ್ತಿದ್ದರು. ಸೋರುವುದು ಮಾತ್ರ ನಿಧಾನ. ನೋವು ಶುರುವಾದ ಕೂಡಲೇ ರಕ್ತ ತೆಗೆದರೆ ಅದು ಕಂಡೀತೆಂಬ ಭರವಸೆಯಿಲ್ಲ. ಆದ್ದರಿಂದ ಮೂರು ತಾಸು ಬಿಟ್ಟು ಇನ್ನೊಮ್ಮೆ ತೆಗೆಯಬೇಕು. ಅದೇ ಮರುಪರೀಕ್ಷೆ. ಹುಬ್ಬಳ್ಳಿಯ ಆ ತುರ್ತು ವಿಭಾಗದ ಇಬ್ಬರು ವೈದ್ಯರು ವರ್ಷಗಟ್ಟಲೆ ಜಗಳಾಡಿದ್ದೂ ಅದರ ಮೇಲೆಯೇ.

“ವಯಸ್ಸು ಸಣ್ಣದು, ಮೊದಲನೇದು ಸರಿ ಅದ, ಕಳಸೂಣು. ಅಲ್ಲಿ ಖರೇನ ಜಡ್ಡಾದವ್ರು ವರಾಂಡಾದಾಗ ಮಲಗ್ಯಾರ,” ಎನ್ನುತ್ತಿದ್ದ ಪ್ರಹ್ಲಾದ.

“ಕಳಿಸಿದ ಮ್ಯಾಲೆ ದಾರ್ಯಾಗ ಏನರ ಆದ್ರ? ಕಾಯೂಣ್ರಿ,” ಎನ್ನುತ್ತಿದ್ದಳು ಡಾಕ್ಟರ್ ನೀಲಾಂಬಿಕಾ ಹಳ್ಯಾಳ.

ರೋಗಿ ಒಳಗೆ ಕಾಯುತ್ತಿದ್ದರೆ ಇವರಿಬ್ಬರೂ ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ನಡುವೆ ಒಂದು ಪೊಟ್ಟಣ ಮಂಡಕ್ಕಿ ಗಿರ್ಮಿಟ್ಟು, ಎರಡು ಲೋಟ ಚಹಾ. ಜಗಳ ಹೃದಯಸಾರದಿಂದ ಹೊರಟು ಅವಳ ತಮ್ಮನ ಮದುವೆ, ಪ್ರಹ್ಲಾದ ಸುಡುವ ಅನ್ನ, ಎಲ್ಲೆಲ್ಲಿಗೋ ಹೋಗಿ ಮುಟ್ಟುತ್ತಿತ್ತು. ಅಷ್ಟರಲ್ಲಿ ಮರುಪರೀಕ್ಷೆಗೆ ಕರೆ ಬರುತ್ತಿತ್ತು.

ಆ ಜಗಳದಲ್ಲಿ ಗೆಲ್ಲಲೇಬೇಕೆಂದು ಪ್ರಹ್ಲಾದ ಹಟಕ್ಕೆ ಬಿದ್ದ. ಹೃದಯ ಮಿಡಿಯುವಾಗ ಅತಿ ಕ್ಷೀಣವಾದ ಕಾಂತಶಕ್ತಿ ಹೊಮ್ಮುತ್ತದೆ. ರಕ್ತ ಸಿಗದ ಜಾಗದಲ್ಲಿ ಅದು ಕುಂದುತ್ತದೆ. ಆ ಕುಂದನ್ನು ಕೆಂಪಾಗಿ ತೋರಿಸುವ ಫಲಕವೊಂದನ್ನು ಕಟ್ಟಿದ. ಸಾವಿರಾರು ಜನರ ಮೇಲೆ ಪರೀಕ್ಷಿಸಿದರೂ ದರ್ಪಣ ಒಮ್ಮೆಯೂ ತಪ್ಪಲಿಲ್ಲ. ವರಾಂಡ ಖಾಲಿಯಾಯಿತು. ಕಾಯುವ ಕೆಲಸವೇ ಇಲ್ಲದ ಮೇಲೆ ಒಂದು ಪಾಳಿಗೆ ಇಬ್ಬರು ವೈದ್ಯರೇಕೆ? ಮೇಲಿನವರು ನೀಲಾಂಬಿಕೆಯನ್ನು ವಿಜಯಪುರಕ್ಕೆ ವರ್ಗ ಮಾಡಿದರು. ಬರುವ ಸೋಮವಾರ ಅವಳು ಅಲ್ಲಿ ಹಾಜರಾಗಬೇಕು. ಎಂಥ ಜಾಣ ನೋಡಿ, ತಾನು ಕೂತ ಕಟ್ಟೆಯನ್ನು ತಾನೇ ಕೆಡವಿಕೊಂಡಿದ್ದ!

“ಮತ್ತ ಯಾಕವಾ ಬ್ಯಾಸರಾ?” ಎಂದು ಪ್ರಹ್ಲಾದ ದ್ಯಾಮವ್ವನನ್ನು ಕೇಳಿದ.

“ಹೋದ ವರ್ಷ ನೀವು ಮೂರು ತಾಸು ಕುಂದ್ರಿಸಿದ್ರಿ ನೋಡ್ರಿ, ಮಾತು ಬಿಟ್ಟಿದ್ದ ನಮ್ಮ ತಂಗಿ ಸುದ್ದಿ ಕೇಳಿ ಗದಗಿನಿಂದ ಓಡಿ ಬಂದಿದ್ಲು. ಕೈ ಹಿಡಕೊಂಡು ಅತ್ತಿದ್ದೇ ಅತ್ತಿದ್ದು. ಆಮ್ಯಾಲೆ ಮತ್ತ ಬರಲೇ ಇಲ್ಲ. ಈಗ ಆಕಿ ಬಸ್ ಹತ್ತೂದ್ರಾಗ ನೀವು ನನ್ನ ಮನಿಗೆ ಅಟ್ಟಾಕತ್ತೀರಿ.” ದ್ಯಾಮವ್ವ ಸೆರಗು ಸರಿಮಾಡಿಕೊಂಡು ಎದ್ದಳು. “ಆ ಹಳೇ ಪರೀಕ್ಷಾ ಮಾಡೂದಿಲ್ಲೇನ್ರಿ ಈಗ?”

ತನಗೂ ಅದೇ ಬೇಕಾಗಿತ್ತು ಎಂಬುದು ಪ್ರಹ್ಲಾದನಿಗೆ ಆಗ ಹೊಳೆಯಿತು. ನೀಲಾಂಬಿಕೆಯ ದನಿ, ಗಿರ್ಮಿಟ್ಟಿನೊಳಗಿನ ಶೇಂಗಾ ಆರಿಸಿ ತನ್ನತ್ತ ಸರಿಸುವ ಅವಳ ಬೆರಳು, “ಸುಮ್ನಿರ್ರಿ, ನಿಮಗೇನು ತಿಳೀತೈತಿ” ಎನ್ನುವ ಆ ಬೈಗುಳ, ಎಲ್ಲವೂ ಬೇಕಾಗಿತ್ತು.

“ಮಾಡ್ತೀವವಾ. ಕುಂದರ್ರಿ. ತಂಗಿಗೆ ಫೋನ್ ಹಚ್ಚಸ್ತೀನಿ,” ಎಂದ. ದ್ಯಾಮವ್ವ ಒಂದೇ ಮಾತಿಗೆ ಕೂತಳು.

ಅವನು ನೆಟ್ಟಗೆ ನೀಲಾಂಬಿಕೆಯ ಕೋಣೆಗೆ ಹೋದ. ಅವಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

“ಡಾಕ್ಟ್ರ, ನನಗ ಎದಿ ನೋಯಾಕತ್ತದ.”

ಅವಳ ಮುಖದ ಬಣ್ಣವೇ ಇಳಿಯಿತು. ಪುಸ್ತಕ ಬಿಟ್ಟು, ಅವನನ್ನು ಕುರ್ಚಿಗೆ ದೂಡಿ, ದರ್ಪಣ ಹಿಡಿದಳು. ಎಲ್ಲ ಹಸಿರು. ಎರಡು ಸಲ ನೋಡಿದಳು, ಆಗಲೂ ಹಸಿರೇ.

“ನಿಮ್ಮ ದರ್ಪಣ ಏನೂ ಇಲ್ಲ ಅಂತೈತಿ.”

“ಅದರ ಮ್ಯಾಲೆ ನನಗ ನಂಬಿಕಿ ಇಲ್ಲ. ಹಳೇ ಪರೀಕ್ಷಾ ಮಾಡ್ರಿ.”

ನೀಲಾಂಬಿಕೆಗೆ ಕಣ್ಣು ತುಂಬಿ ಬಂದರೂ ತುಟಿಯ ನಗು ತಡೆಯಲಾಗಲಿಲ್ಲ. ಅವನ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದಳು. ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ಸರಿಸಿದಳು.

“ಮರುಪರೀಕ್ಷಾ ಆಗೂತನ ಏಳಂಗಿಲ್ಲ,” ಎಂದು ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

ಅವಳು ಕೂತಳೋ ಇಲ್ಲವೋ, ಅವನ ಬಾಯಿಂದ ಬಂದೇಬಿಟ್ಟಿತು: “ನೀವು ಹೋಗಬ್ಯಾಡ್ರಿ. ನೀವಿಲ್ಲದ ನನಗ ಆಗೂದಿಲ್ಲ.”

ನೀಲಾಂಬಿಕೆ ಹಣೆ ಚಚ್ಚಿಕೊಂಡಳು.

“ಅಲ್ಲಾ ಮಾರಾಯ್ರ, ಇಷ್ಟು ಲಗೂ ಹೇಳಿ ಮುಗಿಸೂದೇನ್ರಿ? ಇನ್ನೂ ಮೂರು ತಾಸು ಐತಲ್ಲ!”