ಎರಡು ಡಿಗ್ರಿ

ಕೆಲಮಂಗಲದ ಹತ್ತಿರ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಹೂವಿಡುವ ಶೀತಕೋಣೆಗೆಂದೇ ಅಲ್ಲಿ ಬೇರೊಂದು ಡೊಮೇನ್, ಅಂದರೆ ಬೇರೆಯದೇ ಮೇಲ್ ವಿಳಾಸ, ಇದೆ. ಕೋಣೆಯ ಬಾಗಿಲು ಹಾಕಿದಾಗಲೆಲ್ಲ ಒಳಗೆಷ್ಟು ಡಿಗ್ರಿ ಎಂದು ಅದಕ್ಕೆ ಮೇಲ್ ಹಾಕುವುದು ವಾಸುವಿನ ಕೆಲಸವಾಗಿತ್ತು.

ವಾಸು ಜ್ವರದಲ್ಲಿ ತೀರಿಕೊಂಡ. ಅವನ ಮೇಲ್ ಐಡಿಯನ್ನು ನಾನೇ ಅಳಿಸಿದೆ. ತಿಥಿಯ ಮಾರನೆಯ ಬೆಳಿಗ್ಗೆ ಅದೇ ಐಡಿಯಿಂದ ಮೇಲ್ ಬಂತು: "ಎರಡು ಡಿಗ್ರಿ." ಹೋಗಿ ನೋಡಿದರೆ ಮೀಟರೂ ಎರಡನ್ನೇ ತೋರಿಸುತ್ತಿತ್ತು. ಆಮೇಲೆ ದಿನವೂ ಬಂತು, ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ಅದನ್ನು ಓದುವಾಗ, ಬೇಸಿಗೆಯ ಸೆಕೆಯಲ್ಲೂ, ಕೀಬೋರ್ಡು ತಣ್ಣಗಿರುತ್ತಿತ್ತು.

ಮಾಲೀಕ ಹರಿಕೃಷ್ಣ ದೆವ್ವವನ್ನು ನಂಬುವವರಲ್ಲ. ಕೆಲಸದವರು ನಂಬಿದರೆ ಹೂ ಕೊಯ್ಯಲು ಯಾರೂ ಉಳಿಯುವುದಿಲ್ಲ ಎಂಬುದನ್ನು ಮಾತ್ರ ನಂಬುತ್ತಾರೆ.

"ಆ ಡೊಮೇನ್‌ಗೆ ನಾವ್ ಹೇಳ್ದೋರ್ ಮೇಲ್ ಬಿಟ್ರೆ ಇನ್ಯಾರ್ದೂ ಬರ್ಕೂಡ್ದು ಕಣ್ಲಾ" ಎಂದರು.

ವಾಸುವಿನ ಹೆಂಡತಿ ರಾಧಾಮಣಿ ಅಲ್ಲೇ ಹೂ ವಿಂಗಡಿಸುತ್ತಾಳೆ. ನನ್ನ ಮೇಜಿನ ಬಳಿ ಬಂದು ನಿಂತಳು. "ಇರ್ಲಿ ಬುಡಣ್ಣ. ಡಿಗ್ರಿ ಒಂದ್ ಹೇಳ್ತಾರೆ, ಇನ್ನೇನ್ ಕೇಳ್ತಾರೆ? ಬದ್ಕಿದ್ದಾಗ್ಲೂ ನನ್ತಾವ ಇದಕ್ಕಿಂತ ಜಾಸ್ತಿ ಮಾತಾಡ್ತಿರ್ಲಿಲ್ಲ."

ನಾನು ನಿಯಮ ಹಾಕಿದೆ. ಈಗ ಸರ್ವರ್ ಅವನ ಮೇಲನ್ನು ಒಳಗೆ ಬಿಡುವುದಿಲ್ಲ; ನಿಮಗೆ ಇಲ್ಲಿ ಪ್ರವೇಶವಿಲ್ಲ ಎಂದು ತಾನೇ ಉತ್ತರ ಕಳಿಸುತ್ತದೆ.

"ಇನ್ನೂ ಬತ್ತಾವ್ರೇನಣ್ಣ?" ಎಂದು ರಾಧಾಮಣಿ ಕೇಳಿದಳು.

"ಇಲ್ಲಮ್ಮ" ಎಂದೆ.

ದಿನವೂ ಬರುತ್ತಿದ್ದಾನೆ. ದಿನವೂ ಉತ್ತರ ಹೋಗುತ್ತಿದೆ. ಇಲ್ಲದ ಐಡಿಗೆ ಕಳಿಸಿದ ಉತ್ತರ ಯಾರಿಗೂ ತಲುಪದೆ ನಮಗೇ ವಾಪಸ್ಸಾಗಬೇಕು. ಈವರೆಗೆ ಒಂದೂ ವಾಪಸ್ಸು ಬಂದಿಲ್ಲ.