ಮತ್ತಿಕಟ್ಟೆಯ ಕರೆ

"ಒತ್ತು ಮುಳುಗುದ್ಮೇಲೆ ಕೆರೆ ಕಡೆಯಿಂದ ಯಾರಾದ್ರೂ ಎಸ್ರು ಇಡ್ದು ಕೂಗುದ್ರೆ ಓ ಅನ್ಬ್ಯಾಡಿ ಕಣವ್ವಾ. ಕೂಗಿ ಕೂಗಿ ಅದೇ ಸುಮ್ಕಾಯ್ತದೆ."

ಗಾಡಿಯಿಂದ ಗುಡಾರದ ಗಂಟನ್ನು ಇಳಿಸಿ ಚಿಕ್ಕಬೀರಯ್ಯ ಇಷ್ಟು ಹೇಳಿದ. ಹೇಳಿದವನು ನೀರಿಗೆ ಬೆನ್ನು ಮಾಡಿ ನಿಂತ. ಹಂಗಳದಿಂದ ಕಾಡಿನಂಚಿನ ಈ ಮತ್ತಿಕಟ್ಟೆ ಕೆರೆಯವರೆಗೆ ದಾರಿಯುದ್ದಕ್ಕೂ ಹಾಡಿಕೊಂಡು ಬಂದಿದ್ದವನು, ದಡ ಕಂಡೊಡನೆ ಹಾಡು ನಿಲ್ಲಿಸಿಬಿಟ್ಟಿದ್ದ.

ಚಂದ್ರಮತಿ ನಕ್ಕುಬಿಟ್ಟಳು. "ಅದು ಅಂದ್ರೆ ಯಾವುದು ಬೀರಯ್ಯ? ನರಿಯಾ, ನವಿಲಾ? ಹೆಸರು ಕೇಳಿ ತಿಳ್ಕೊಂಡು ಕೂಗುತ್ತಾ?"

ಬೀರಯ್ಯ ನಗಲಿಲ್ಲ. ಅವಳ ಅಕ್ಕ ಗುರುಮಲ್ಲಮ್ಮನ ಕಡೆ ತಿರುಗಿದ. "ನೀವಾದ್ರೂ ಏಳಿ ಅಮ್ಮಾವ್ರೇ. ನಿಮಗ್ ಗೊತ್ತಿಲ್ವಾ?"

ಗುರುಮಲ್ಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನೀ ಓಗು ಬೀರಯ್ಯ. ಬೆಳಿಗ್ಗೆ ಬಾ" ಎಂದಳು. ಎತ್ತುಗಳನ್ನು ತಿರುಗಿಸಬೇಕಾದ ಕೆಲಸವೇ ಇರಲಿಲ್ಲ. ಅವು ಆಗಲೇ ಊರ ಕಡೆ ಮುಖ ಮಾಡಿದ್ದವು.

ಅದು ಐವತ್ತೈದನೇ ಇಸವಿಯ ಮಾಗಿ ಕಾಲ. ಚಂದ್ರಮತಿ ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಸದಾಗಿ ಟೀಚರಾಗಿದ್ದಳು. ಶಾಲೆಯ ಗೈಡ್ಸ್ ದಳದ ಹುಡುಗಿಯರನ್ನು ಕಟ್ಟಿಕೊಂಡು ಬೆಟ್ಟ, ಹೊಳೆದಂಡೆ ಎಂದು ಕ್ಯಾಂಪಿಗೆ ಹೋಗುವುದೆಂದರೆ ಅವಳಿಗೆ ಪ್ರಾಣ. ಸಂಕ್ರಾಂತಿಯ ರಜೆಗೆ ಅಕ್ಕನ ಮನೆಗೆ ಬಂದಾಗ, ಬಾಗಿಲಲ್ಲಿ ನಿಂತ ಹೆಂಗಸು ಯಾರೆಂದೇ ಮೊದಲು ತಿಳಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೈಬಳೆಗಳು ಮೊಳಕೈವರೆಗೆ ಸಡಿಲವಾಗಿ ಜಾರುತ್ತಿದ್ದವು. ಬಾಯಿಗಿಟ್ಟ ತುತ್ತೆಲ್ಲ ಕೂದಲಾಗುತ್ತದೆ, ದಾಯಾದಿಗಳು ಜಮೀನಿನ ಜಗಳಕ್ಕೆ ಮಾಟ ಮಾಡಿಸಿದ್ದಾರೆ ಎಂದು ಮನೆಯವರು ಪಿಸುಗುಟ್ಟುತ್ತಿದ್ದರು. ಕರುಳಿನ ಹುಣ್ಣಿರಬೇಕು, ಮೈಸೂರಿನ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದು ಚಂದ್ರಮತಿ ಹಟ ಹಿಡಿದಳು.

"ಆಗ್ಲಿ ಬರ್ತೀನಿ" ಎಂದಿದ್ದಳು ಅಕ್ಕ. "ಅದ್ಕೂ ಮೊದ್ಲು ಒಂದಿನ ನಿನ್ ಗುಡಾರ್ದಾಗೆ ಇರನ ಕಣಮ್ಮಿ. ಈ ಮನೆ ಗೋಡೆ ನೋಡಿ ನೋಡಿ ಸಾಕಾಗ್ಬುಟ್ಟದೆ."

ಬರುವಾಗ ಗುಡಾರ ತಾ ಎಂದು ಹೇಳಿ ಕಳಿಸಿದ್ದವಳೂ ಅವಳೇ. ಜಾಗ ಆರಿಸಿದವಳೂ ಅವಳೇ. ಇಬ್ಬರೇ ಹೆಂಗಸರು ಕಾಡಿನಂಚಿಗೆ ಹೋಗುತ್ತೇವೆಂದರೆ ಭಾವ ಪುಟ್ಟಬಸಪ್ಪನವರು ಬೇಡವೆನ್ನುತ್ತಾರೆ ಎಂದುಕೊಂಡಿದ್ದಳು ಚಂದ್ರಮತಿ. ಅವರು ತಲೆ ಎತ್ತದೆ, "ಓಗ್ಬನ್ನಿ" ಎಂದಷ್ಟೇ ಹೇಳಿ ಗಾಡಿ ಕಟ್ಟಿಸಿದ್ದರು. ಚಂದ್ರಮತಿಗೆ ಖುಷಿಯೋ ಖುಷಿ. ತಾಯಿ ಸತ್ತಾಗ ಅವಳಿನ್ನೂ ಹಾಲುಗೂಸು. ಎತ್ತಿ ಆಡಿಸಿದ್ದು, ತುತ್ತು ತಿನ್ನಿಸಿದ್ದು, ಭಾವನೊಡನೆ ಜಗಳವಾಡಿ ಮೈಸೂರಿಗೆ ಓದಲು ಕಳಿಸಿದ್ದು, ಎಲ್ಲ ಈ ಅಕ್ಕನೇ. ಅವಳಿಗಾಗಿ ಒಂದು ದಿನ ಕಾಡಿನಲ್ಲಿ ಗುಡಾರ ಹಾಕುವುದು ಯಾವ ದೊಡ್ಡ ಮಾತು?

ಚಂದ್ರಮತಿ ಗೂಟ ಹೊಡೆದು, ಹಗ್ಗ ಬಿಗಿದು, ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅನ್ನಕ್ಕೆ ಎಸರಿಟ್ಟಳು. ಅಷ್ಟರಲ್ಲಿ ಅಕ್ಕ ಗಂಟು ಬಿಚ್ಚಿ ತನ್ನ ಹಸಿರು ಸೀರೆಯೊಂದನ್ನು ತೆಗೆದಳು.

"ಇದ್ನ ಉಟ್ಕೊ. ನಿನ್ ಒಳ್ಳೆ ಸೀರೆಗೆ ಒಲೆ ಒಗೆ ವಾಸ್ನೆ ಅತ್ಕತ್ತದೆ."

ಉಟ್ಟಳು. ಸೀರೆ ಒಗೆದದ್ದಲ್ಲ. ಅಕ್ಕನ ಬೆವರು, ವಿಭೂತಿ, ಅದರಡಿಯಲ್ಲಿ ಇನ್ನೇನೋ ಸುಟ್ಟ ವಾಸನೆ.

ಸೂರ್ಯ ಬೆಟ್ಟದ ಹಿಂದಕ್ಕೆ ಇಳಿದ. ಕೆರೆಯ ಮೇಲೆ ಮಂಜು ತೆಳ್ಳಗೆ ಹರಡಿತು. ಕೊಳೆತ ಪಾಚಿಯ, ಆನೆಲದ್ದಿಯ, ಒದ್ದೆ ಎಲೆಯ ವಾಸನೆ ಒಟ್ಟಾಗಿ ಮೇಲೆದ್ದಿತು. ಕಪ್ಪೆಗಳ ಗದ್ದಲಕ್ಕೆ ಕಿವಿ ತುಂಬಿಹೋಗಿತ್ತು. ಗುರುಮಲ್ಲಮ್ಮ ಬೆಂಕಿಯ ಪಕ್ಕ ಮಂಡಿ ತಬ್ಬಿ ಕುಳಿತಿದ್ದಳು. ಅವಳು ತಂಗಿಯ ಮುಖ ನೋಡುತ್ತಿರಲಿಲ್ಲ. ಕುದಿಯುವ ಅನ್ನದ ಪಾತ್ರೆ ನೋಡುತ್ತಿದ್ದಳು.

"ಗುರುಮಲ್ಲೀ..."

ಆಚೆ ದಡದಿಂದ ಹೆಣ್ಣಿನ ದನಿ. ಹಿತ್ತಲ ಗೋಡೆಯಾಚೆಯಿಂದ ನೆರೆಮನೆಯವಳು ಕರೆದಷ್ಟು ಸಲೀಸು.

ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

"ಯಾರೋ ಕರೀತಿದಾರಲ್ಲ ಅಕ್ಕ. ಊರಿನವರಾ?"

ಅಕ್ಕ ಅವಳ ಕೈ ಹಿಡಿದುಕೊಂಡಳು. ಅಂಗೈ ಹಿಮದಂತೆ ಕೊರೆಯುತ್ತಿತ್ತು. "ನಂಗೆ ಗಂಟ್ಲು ಕಟ್ಕಂಡದೆ. ನೀನೇ ಓ ಅನ್ನು."

"ಗುರುಮಲ್ಲೀ..." ಈಗ ದನಿ ಕೆರೆಯ ನಡುವಿನಿಂದ ಬಂತು.

ಗುರುಮಲ್ಲಮ್ಮನ ಹಿಡಿತ ತಟ್ಟನೆ ಸಡಿಲವಾಯಿತು. "ಬ್ಯಾಡ ಬುಡು ಚಂದ್ರಿ. ಎದ್ದೇಳು. ಓಗ್ಬುಡನ ಇಲ್ಲಿಂದ..." ಎಂದು ಅರ್ಧ ಎದ್ದಳು. ಅಷ್ಟರಲ್ಲಿ ಪಾತ್ರೆಯಿಂದ ಗಂಜಿ ಉಕ್ಕಿ ಬೆಂಕಿಗೆ ಬಿತ್ತು. ಬೆಂದ ಅನ್ನದ ಘಮ ಸುತ್ತ ಹರಡಿತು. ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ಮತ್ತೆ ಕುಳಿತಳು. "ಇಲ್ಲ. ಅನ್ನು. ನಿನ್ ದಮ್ಮಯ್ಯ ಅಂತೀನಿ."

ಸೌದೆ ಹೊತ್ತ ಯಾವಳೋ ಹೆಂಗಸು ಕತ್ತಲಿನಿಂದ ಹೊರಬಂದರೆ ಅಕ್ಕನ ಈ ಭಯ ಇಲ್ಲಿಗೇ ಬಿಟ್ಟುಹೋಗುತ್ತದೆ ಎನ್ನಿಸಿತು ಚಂದ್ರಮತಿಗೆ. ಅಂಗೈಗಳನ್ನು ಬಾಯಿಗೆ ಒತ್ತಿ, ನಗುತ್ತಲೇ ಕೂಗಿದಳು.

"ಓ... ಗುರುಮಲ್ಲಿ ಇಲ್ಲೇ ಇದೀನಿ! ಬನ್ನಿ!"

ನೀರು ಸೀಳಿದ ಸದ್ದು. ಕೆಸರಿನಲ್ಲಿ ಹೆಜ್ಜೆ. ಒಂದು. ಇನ್ನೊಂದು. ಯಾರೂ ಕಾಣಲಿಲ್ಲ. ಬೆಂಕಿಯ ಹೊಗೆ ನೆಲಕ್ಕೆ ಮಲಗಿತು. ಒದ್ದೆ ಕೂದಲು ಅವಳ ಕೆನ್ನೆ ಸವರಿತು. ಅವಳು ಹಿಂದಕ್ಕೆ ಸರಿದಳು. ಅಕ್ಕನ ಕೈ ಅವಳ ಬೆನ್ನಿಗೆ ಅಡ್ಡ ಇತ್ತು. ಸರಿಯಲು ಬಿಡಲಿಲ್ಲ. ಕಾಣದ ತಣ್ಣನೆಯ ಬೆರಳು ತುಟಿ ಬಿಡಿಸಿತು. ನಾಲಿಗೆ ಮುಟ್ಟಿತು. ಗಂಟಲಿಗಿಳಿಯಿತು. ಉಸಿರಿಲ್ಲ. ಕೂಗಿಲ್ಲ. ಕಣ್ಣು ಕತ್ತಲು. ಆಮೇಲೆ ಏನೂ ಇಲ್ಲ.

ಕಪ್ಪೆಗಳು ಮತ್ತೆ ಕೂಗತೊಡಗಿದವು.

ಚಂದ್ರಮತಿ ಕಣ್ಣು ಬಿಟ್ಟಾಗ ಗುರುಮಲ್ಲಮ್ಮ ಪಾತ್ರೆಗೇ ಕೈ ಹಾಕಿದ್ದಳು. ಕುದಿಯುವ ಅನ್ನವನ್ನು ಊದದೆ, ಬಸಿಯದೆ ಬೊಗಸೆಯಲ್ಲಿ ಎತ್ತಿ ನುಂಗುತ್ತಿದ್ದಳು. ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಅನ್ನ ಕಣಮ್ಮಿ... ಅನ್ನದ ರುಚೀನೇ ಬತ್ತಾ ಅದೆ..."

ಚಂದ್ರಮತಿ ಒಂದು ತುತ್ತು ಬಾಯಿಗಿಟ್ಟಳು. ಹಲ್ಲಿಗೆ ಏನೋ ಸಿಕ್ಕಿತು. ಬೆರಳು ಹಾಕಿ ಎಳೆದಳು. ಕೂದಲು. ಉದ್ದ, ಒದ್ದೆ, ಪಾಚಿ ನಾತ. ಎಳೆದಷ್ಟೂ ಬಂತು. ಗಂಟಲಿನ ಆಳದಿಂದ ಬಂತು. ವಾಂತಿ ಮಾಡಿದಳು. ಅದರಲ್ಲೂ ಅದೇ.

ಗುರುಮಲ್ಲಮ್ಮ ಅದನ್ನು ನೋಡಿದಳು. ನೋಡಿ, ಅವಳಿಗೆ ಬೆನ್ನು ತಿರುಗಿಸಿ ಕುಳಿತು ಊಟ ಮುಂದುವರಿಸಿದಳು.

"ನಿನಗೆ ಗೊತ್ತಿತ್ತಾ ಅಕ್ಕ?"

ಪಾತ್ರೆಯ ತಳ ಕೆರೆದಾದ ಮೇಲೆ ಆ ಬೆನ್ನೇ ಮಾತಾಡಿತು. "ಪುಣಜನೂರಿನಾಚೆ ಘಟ್ಟದ ಕೆಳಗ್ಲ ಮಂತ್ರವಾದಿ ಏಳ್ದ. ಒಂದೇ ಒಟ್ಟೇಲಿ ಉಟ್ದೋಳಾಗ್ಬೇಕು. ನನ್ ಸೀರೆ ಉಟ್ಟು, ನನ್ ಎಸ್ರಿಗೆ ಅವ್ಳೇ ಬಾಯ್ಬುಟ್ಟು ಓ ಅನ್ಬೇಕು, ಅಂತ."

ಬೆಳಿಗ್ಗೆ ಬಂದ ಚಿಕ್ಕಬೀರಯ್ಯ ಇಬ್ಬರ ಮುಖವನ್ನೂ ನೋಡಿ ಗುಡಾರದ ಗಂಟನ್ನು ಗಾಡಿಗೇರಿಸಿದ. ಗಾಡಿ ಹಂಗಳದ ಮನೆ ಮುಂದೆ ನಿಂತಾಗ ಪುಟ್ಟಬಸಪ್ಪನವರು ಜಗುಲಿಯಿಂದ ಓಡಿಬಂದರು. ನಾದಿನಿಯ ಕಡೆ ಕಣ್ಣೂ ಹಾಯಿಸದೆ ಹೆಂಡತಿಯನ್ನು ಕೇಳಿದರು: "ಉಂಡ್ಯಾ?"

ಗುರುಮಲ್ಲಮ್ಮ ತಲೆಯಾಡಿಸಿದಳು. ಅವರು ಕೈಮುಗಿದು, ಬಿಕ್ಕುತ್ತ ಅಲ್ಲೇ ಕುಸಿದರು. ಗಾಡಿಯ ಮೂಕಿ ಹಿಡಿದು ನಿಂತಿದ್ದ ಚಂದ್ರಮತಿಗೆ ಆಗ ಎಲ್ಲವೂ ತಿಳಿಯಿತು. ಕರೆಸಿಕೊಂಡದ್ದು, ಗುಡಾರ ತರಿಸಿದ್ದು, ಗಾಡಿ ಕಟ್ಟಿಸಿದ್ದು. ಇಡೀ ಮನೆಯೇ ಕೂತು ಗೊತ್ತುಮಾಡಿದ ಕೆಲಸ.

"ನನ್ನನ್ನು ಕೈಯಾರೆ ಸಾಕಿದ್ದೆಯಲ್ಲ ಅಕ್ಕ. ಹೇಗೆ ಮನಸ್ಸು ಬಂತು?"

ಗುರುಮಲ್ಲಮ್ಮ ಹೊಸ್ತಿಲ ಮೇಲೆ ನಿಂತಳು. "ನೀನು ಇವೆಲ್ಲಾ ನಂಬೋದೇ ಇಲ್ವಲ್ಲ ಚಂದ್ರಿ. ನಂಬ್ದೇ ಇರೋರ್ಗೆ ತಟ್ಟಲ್ಲ ಅನ್ಕಬುಟ್ಟೆ."

ಚಂದ್ರಮತಿ ತನ್ನ ಸೀರೆಯನ್ನು ಗಂಟಿನಿಂದ ಎಳೆದು ಮುಂದೆ ಹಿಡಿದಳು. "ಹಾಗಾದರೆ ಇದನ್ನು ಉಟ್ಕೊ. ಇವತ್ತೇ ವಾಪಸ್ ಹೋಗೋಣ. ಒಂದೇ ಒಂದು ಸಲ ನನ್ನ ಹೆಸರಿಗೆ ನೀನು ಓ ಅನ್ನು."

ಗುರುಮಲ್ಲಮ್ಮ ಸೀರೆಯನ್ನೇ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಬಿತ್ತು.

"ಅಕ್ಕಾ!" ಚಂದ್ರಮತಿ ಎರಡೂ ಕೈಯಿಂದ ಕದ ಬಡಿದಳು. "ಅಕ್ಕಾ!"

ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಭಾವನ ದನಿ ಮೆಲ್ಲಗೆ ಕೇಳಿಸಿತು. "ಇನ್ನೊಂದ್ ರೊಟ್ಟಿ ಆಕ್ಲಾ?"