ತಂದೆಯ ಹೆಸರು: ಗಾದಿಲಿಂಗ

"ಕೂಸಿನ್ನ ಬಿಟ್ಟು ಹೋಗಾಕ ನಾಚಿಕಿ ಆಗಂಗಿಲ್ಲೇನ್ರಿ ನಿಮಗ?"

ಗೇಟು ತೆಗೆದ ಮಾಲಾ ಆಡಿದ ಮೊದಲ ಮಾತೇ ಅದು! ಎದುರಿಗೆ ಖಾಕಿ ಅಂಗಿಯವನೊಬ್ಬ ನಿಂತಿದ್ದ. ಅವನ ಹೆಗಲ ಮೇಲೆ ನಾಲ್ಕು ವರ್ಷದ ಹೆಣ್ಣುಮಗು ನಿದ್ದೆ ಹೋಗಿತ್ತು.

"ನನ್ನ ಕೂಸಲ್ರೀ ಇದು! ಕೊಟ್ಟೂರಿಗೆ ಬಂದು ನೋಡ್ತೀನಿ, ಎಲ್ಲಾರೂ ಇಳಿದಾರ, ಟಂಟಂನಾಗ ಇದೊಂದೇ ಉಳಿದೈತಿ. ಪೊಲೀಸ್ ಸ್ಟೇಷನ್ನಿಗೆ ಹೋದ್ರ ಇಲ್ಲಿಗೆ ಕಳಿಸಿದ್ರು."

ಅವನು ಗಾದಿಲಿಂಗ, ಕೂಡ್ಲಿಗಿ–ಕೊಟ್ಟೂರು ನಡುವೆ ಟಂಟಂ ಆಟೋ ಓಡಿಸುವವನು. 'ನನ್ನ ಕೂಸಲ್ಲ' ಎಂಬ ಅವನ ಮಾತನ್ನು ಮಾಲಾ ನಂಬಿದಳು. ನಂಬುವುದು ಅವಳಿಗೆ ಸುಲಭವಾಗಿರಲಿಲ್ಲ.

ಐದು ವರ್ಷದವಳಿದ್ದಾಗ ಅವಳ ಅಪ್ಪ ಅವಳನ್ನು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ, "ಇಲ್ಲೇ ಇರವ್ವಾ, ಮಂಡಕ್ಕಿ ತರ್ತೀನಿ" ಎಂದು ಹೋಗಿದ್ದ. ಆ ಮಂಡಕ್ಕಿ ಇವತ್ತಿಗೂ ಬಂದಿಲ್ಲ. ಅದಕ್ಕೇ ಅವಳು ಕೊಟ್ಟೂರಿನಲ್ಲಿ ಹನ್ನೊಂದು ತಬ್ಬಲಿ ಮಕ್ಕಳ ಈ ಮನೆ ಕಟ್ಟಿಕೊಂಡು, ಮದುವೆಯ ಮಾತೆತ್ತಿದವರನ್ನೆಲ್ಲ ಗೇಟಿನಿಂದಲೇ ಕಳಿಸಿದ್ದಳು.

ಗಾದಿಲಿಂಗ ಮಾತ್ರ ಹೋಗುವ ಆಸಾಮಿಯಲ್ಲ. ಗುರುಬಸಿ ಎಂದು ಮಾಲಾ ಹೆಸರಿಟ್ಟ ಆ ಮಗುವನ್ನು ನೋಡುವ ನೆವದಲ್ಲಿ ಎರಡು ವರ್ಷ ಬಂದ. ಜೂನ್‌ನಲ್ಲಿ ಅವಳು ಜ್ವರ ಬಂದು ಮಲಗಿದಾಗ ಗುರುಬಸಿಯೂ ಸೇರಿ ಮೂರು ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸಿ ಬಂದವನೂ ಅವನೇ. ಹೋದ ವಾರ, "ಮದುವಿ ಆದಮ್ಯಾಲೆ ನಾನೂ ಇಲ್ಲೇ ಇರ್ತೀನ್ರಿ, ಮಕ್ಕಳ ಜೋಡಿ" ಎಂದಾಗ ಮಾಲಾ "ಹೂಂ" ಎಂದಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಈ ವಾರ ಒಂದು ಸಂಜೆ ಗುರುಬಸಿ ಗಾದಿಲಿಂಗನ ಬೆರಳು ಹಿಡಿದು, ಕೊರಳಲ್ಲಿ ಶಾಲೆಯ ಹೊಸ ಐಡಿ ಕಾರ್ಡು ತೂಗಿಸಿಕೊಂಡು ಬಂದಳು. ಮಾಲಾ ಅದನ್ನು ಓದಿದಳು.

ತಂದೆಯ ಹೆಸರು: ಗಾದಿಲಿಂಗ.

'ಅಂದರೆ... ಇದು ಅವನದೇ ಮಗು! ಕತೆ ಕಟ್ಟಿ ನನ್ನ ಬಾಗಿಲಿಗೆ ಬಿಟ್ಟ. ಎರಡು ವರ್ಷ ಬಂದದ್ದು ಮಗಳಿಗಾಗಿ. ನಾನು ಯಾರು ಹಾಗಾದರೆ? ಪುಕ್ಕಟೆ ಸಿಕ್ಕ ಆಯಾ!'

"ಈ ಹೆಸರು ಬರಸಿದ್ದು ನೀವೇನು?"

"ಹೌದ್ರಿ, ಅದು..."

"ಒಂದೇ ಮಾತು ಹೇಳ್ರಿ. ಈಕಿ ತಂದಿ ನೀವು ಹೌದೋ, ಅಲ್ಲೋ?"

ಗುರುಬಸಿ ಕತ್ತೆತ್ತಿ ಅವನನ್ನೇ ನೋಡುತ್ತಿದ್ದಳು.

"ಹೌದ್ರಿ."

"ಇನ್ನ ಮ್ಯಾಲೆ ಈ ಗೇಟಿಗೆ ಬರಬ್ಯಾಡ್ರಿ."

ಮಕ್ಕಳ ಮುಂದೆ ಯಾರೂ ಅಳಬಾರದು ಎಂದು ಆ ಮನೆಯಲ್ಲಿ ಕಟ್ಟಳೆ ಮಾಡಿದವಳೇ ಅವಳು. ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಇಪ್ಪತ್ತೈದು ವರ್ಷ ಕಳೆದರೂ ಮತ್ತೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಂತಾಗಿತ್ತು.

ಮರುದಿನ ಬೆಳಿಗ್ಗೆ ವಿಚಾರಿಸಿಯೇ ಬಿಡೋಣವೆಂದು ಶಾಲೆಗೆ ಹೋದಳು. ಹೆಡ್‌ಮೇಡಂ ಗೀತಮ್ಮ ನಗುತ್ತಲೇ ಕರೆದರು.

"ಬಾರವ್ವಾ. ಉಳಿದ ಎರಡು ಕಾರ್ಡೂ ಬಂದಾವ, ತಗೋ."

ಸಲ್ಮಾ. ತಂದೆಯ ಹೆಸರು: ಗಾದಿಲಿಂಗ.

ಬೆನಕಪ್ಪ. ತಂದೆಯ ಹೆಸರು: ಗಾದಿಲಿಂಗ.

ಮಾಲಾ ಕಣ್ಣುಜ್ಜಿಕೊಂಡು ಮತ್ತೆ ಓದಿದಳು. ಸಲ್ಮಾಳನ್ನು ಹರಪನಹಳ್ಳಿಯಿಂದ, ಬೆನಕಪ್ಪನನ್ನು ಹಡಗಲಿಯಿಂದ ತಾನೇ ಕರೆತಂದಿದ್ದಳು, ಗಾದಿಲಿಂಗನ ಮುಖ ನೋಡುವ ಮೊದಲೇ! ಮೂವರಿಗೂ ಆರೇ ವರ್ಷ.

"ಮೇಡಂ... ಇದೇನಿದು?"

"ನಿನಗ ಗೊತ್ತಿಲ್ಲೇನು? ಅವತ್ತು ಎಲ್ಲಾ ಮಕ್ಕಳ ಮುಂದ ತಂದಿ ಹೆಸರು ಕೇಳಿದ್ವಿ, ನಮ್ದೂ ತಪ್ಪೈತಿ. ಗುರುಬಸಿ ಅವನ ಮುಖ ನೋಡಿದ್ಲು. 'ನನ್ನ ಹೆಸರು ಬರಕೊಳ್ರಿ' ಅಂದ. ಒಬ್ಬಾಕಿಗೆ ಬರದ್ರ ಉಳಿದವು ಅಳ್ತಾವ ಅಂತ ಮೂರಕ್ಕೂ ಬರಸಿದ!"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಸಿಟ್ಟಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ಹೊರಗೆ ಟಂಟಂ ನಿಂತಿತ್ತು. ಬರಬೇಡ ಎಂದದ್ದು ಮನೆಯ ಗೇಟಿಗೆ, ಶಾಲೆಯ ಗೇಟಿಗಲ್ಲವಲ್ಲ!

"ನಿನ್ನಿ ಯಾಕ 'ಹೌದು' ಅಂದ್ರಿ?" ಅವಳ ದನಿ ಒಡೆಯಿತು.

"ಕೂಸು ಬೆರಳು ಹಿಡಕೊಂಡಿತ್ರಿ... ಅದರ ಮುಂದ 'ಅಲ್ಲ' ಅಂತ ಹೆಂಗ ಅನ್ಲಿ?"

ಮಾಲಾಳ ಕಣ್ಣು ತುಂಬಿ ಬಂತು.

"ನನಗ ಮೊದಲೇ ಹೇಳಬೇಕಿತ್ತು."

"ಬೈತೀರಿ ಅಂತ ಅಂಜಿದೆ."

"ಬೈತಿದ್ದೆ! ಸುಳ್ಳು ಸುಳ್ಳೇ. ನಾಳಿ ನಿಜ ಗೊತ್ತಾದ್ರ ಮಕ್ಕಳೂ ನನ್ನಂಗ ಅಳ್ತಾವ. ನಡೀರಿ, ತಿದ್ದಿಸೋಣ."

ಗೀತಮ್ಮ ರಿಜಿಸ್ಟರಿನಲ್ಲಿ 'ತಂದೆ' ಎಂಬುದನ್ನು ಹೊಡೆದುಹಾಕಿ 'ಪೋಷಕರು' ಎಂದು ಬರೆದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು.

"ಪೋಷಕರು ಅಂದ್ರ ಒಬ್ಬರೋ, ಇಬ್ಬರೋ? ಮರ್ಯಾದಿಗೂ 'ರು', ಬಹುವಚನಕ್ಕೂ 'ರು'!"

ಗಾದಿಲಿಂಗ ನೆಲ ನೋಡಿದ. ಅವನಿಗೆ ಕೇಳುವ ಧೈರ್ಯವಿರಲಿಲ್ಲ.

"ಇಬ್ಬರು, ಮೇಡಂ," ಎಂದಳು ಮಾಲಾ.

ಹೊರಗೆ ಬಂದಾಗ ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. "ನೀವು ಇಲ್ಲೇ ಇರ್ರಿ! ಮಕ್ಕಳಿಗೆ ಮಂಡಕ್ಕಿ ತರ್ತೀ..."

ಮಾಲಾ ಗಕ್ಕನೆ ಅವನ ತೋಳು ಹಿಡಿದಳು. ಅವಳು ಹಿಂದೊಮ್ಮೆ ಹೇಳಿದ್ದ ಬಸ್‌ಸ್ಟ್ಯಾಂಡಿನ ಕತೆ ಅವನಿಗೆ ತಟ್ಟನೆ ನೆನಪಾಯಿತು.

"ತಪ್ಪಾತ್ರಿ," ಎಂದ ಮೆಲ್ಲಗೆ. "ನೀವೂ ಬರ್ರಿ. ಕೂಡೇ ಹೋಗಿ ತರೋಣ."